ಎದುರುಕಾಲಿನವಳ ಬೆನ್ನು

ನಮ್ಮ ಮನೆಯ ಕಲ್ಲಿನ ಹೊಸ್ತಿಲು ನಡುವೆ ಸವೆದು ಹಳ್ಳವಾಗಿದೆ. ಹೊಸ್ತಿಲು ಎಲ್ಲರ ಮನೆಯಲ್ಲೂ ಸವೆಯುತ್ತದೆ, ಅದರಲ್ಲೇನು ವಿಶೇಷ ಅನ್ನಬೇಡಿ. ಬೇರೆಯವರದು ಕಾಲು ತಾಗಿ ಸವೆಯುತ್ತದೆ. ನಮ್ಮದು ಹೊಟ್ಟೆ ತಾಗಿ ಸವೆದದ್ದು.

ಐವತ್ತು ವರ್ಷ ಭಾನುವಾರ ಬೆಳಗಾದರೆ ಜನ ಬಂದು ಈ ಹೊಸ್ತಿಲಿನ ಮೇಲೆ ಬೋರಲು ಮಲಗುತ್ತಿದ್ದರು. ತಲೆ ಒಳಗೆ, ಕಾಲು ಬೀದಿಗೆ. ಟೊಮೆಟೊ ಕ್ರೇಟು ಎತ್ತಿ ಸೊಂಟ ಹಿಡಿದುಕೊಂಡವರು, ಮಾವಿನ ಮರದಿಂದ ಜಾರಿದವರು, ಹಸುವಿನ ಕೈಯಲ್ಲಿ ಒದೆಸಿಕೊಂಡವರು, ಏನೂ ಮಾಡದೆ ಬರೀ ಸೀನಿದ್ದಕ್ಕೆ ಹಿಡಿದುಕೊಂಡವರು. ನಾನು ಗೋಡೆಗೆ ಕೈ ಕೊಟ್ಟು, ಎಡಗಾಲಿನಿಂದ ಅವರ ಸೊಂಟವನ್ನು ಮೂರು ಸಲ ತುಳಿಯುತ್ತಿದ್ದೆ. ಅವರು ಎದ್ದು ಹಿಂತಿರುಗಿ ನೋಡದೆ ಹೋಗಬೇಕಿತ್ತು. ಕೊಡುವುದಿದ್ದರೆ ಎಲೆ ಅಡಿಕೆ, ಇಲ್ಲವೇ ಒಂದು ಹಿಡಿ ಅವರೆಕಾಯಿ.

ಈ ವಿದ್ಯೆಯನ್ನು ನಾನು ಯಾರ ಹತ್ತಿರವೂ ಕಲಿಯಲಿಲ್ಲ. ಹುಟ್ಟುವಾಗ ಕಾಲು ಮುಂದಾಗಿ ಬಂದೆ, ಅಷ್ಟೇ. ನಮ್ಮ ಕಡೆಯ ತೆಲುಗಿನಲ್ಲಿ ಅಂಥವರನ್ನು ಎದುರುಕಾಳ್ಳವರು ಅನ್ನುತ್ತಾರೆ. ಕನ್ನಡದವರ ಬಾಯಲ್ಲಿ ಅದು ಎದುರುಕಾಲು ಆಯಿತು, ನಾನು ಎದುರುಕಾಲು ಮುನಿಯಮ್ಮ ಆದೆ. ಕಾಲು ಮೊದಲು ಬಂದವರು ತುಳಿದರೆ ಹಿಡಿದುಕೊಂಡ ಸೊಂಟ ಬಿಡುತ್ತದೆ ಅಂತ ನಂಬಿಕೆ. ಎರಡು ದಿನ ತಾಯಿಯ ಜೀವ ಹಿಂಡಿ ಹುಟ್ಟಿದ್ದಕ್ಕೆ ಊರು ನನಗೆ ಕೊಟ್ಟ ಉದ್ಯೋಗ ಇದು.

ಹಾಸಿಗೆ ಹೊಲಿಯುವ ಖಾದರ್ ಸಾಬಿ ನನ್ನ ಹಳೇ ಗಿರಾಕಿ. ತಿಂಗಳಿಗೊಮ್ಮೆ ಅವನ ಸೊಂಟ ಹಿಡಿದುಕೊಳ್ಳಲೇಬೇಕು. ಊರಿಗೆಲ್ಲ ಮೆತ್ತನೆ ಹಾಸಿಗೆ ಹೊಲಿದುಕೊಟ್ಟು ತಾನು ಬರೀ ಚಾಪೆ ಮೇಲೆ ಮಲಗುವ ಮನುಷ್ಯ. ಮಲಗಿದಲ್ಲಿಂದಲೇ ಹುಕುಂ ಮಾಡುತ್ತಿದ್ದ.

“ಅಮ್ಮಾ, ಜರಾ ಜೋರಾಗಿ ತುಳಿಯಮ್ಮಾ. ಇದೇನು ಕೋಳಿ ನಡದಂಗೈತೆ.”

“ಬೇಕಾದ್ರೆ ಆನೆ ಕರ್ಕೊಂಡ್ ಬಾ. ನನ್ನ ತೂಕ ಇಷ್ಟೇ.”

“ತೂಕ ಬೇಡಮ್ಮಾ, ನಿಯ್ಯತ್ತು ಇದ್ರೆ ಸಾಕು.”

ನಿಯ್ಯತ್ತು ಅಂದರೆ ಒಳಗಿನ ಮನಸ್ಸು, ಪ್ರಾಮಾಣಿಕತೆ. ಅವನು ಹಾಗಂದಾಗಲೆಲ್ಲ ನನಗೆ ಮೈ ಚುರ್ ಅನ್ನುತ್ತಿತ್ತು. ಯಾಕೆ ಅಂತ ಈಗ ನಿಮಗೆ ಹೇಳುತ್ತೇನೆ. ಗಂಡ ಬದುಕಿದ್ದಾಗ ಅವನಿಗೂ ಹೇಳಿರಲಿಲ್ಲ. ಊರ ಸೊಂಟಗಳನ್ನೆಲ್ಲ ತುಳಿದ ನನಗೆ ಹದಿನಾಲ್ಕನೇ ವಯಸ್ಸಿನಿಂದ ಸೊಂಟನೋವು. ಸೊಂಟ ಮಾತ್ರವಲ್ಲ, ಮಂಡಿ, ಹಿಮ್ಮಡಿ, ಚಳಿ ಬಿದ್ದರೆ ಪಕ್ಕೆಲುಬು ಕೂಡ.

ತಾಯಲೂರಿನ ಹತ್ತಿರ ನನ್ನ ತೌರು. ಅಲ್ಲಿ ಆಗ ಮನೆಮನೆಗೂ ರೇಷ್ಮೆ. ನಮ್ಮ ಹುಳುಮನೆ ಉದ್ದವಾದ ಮಣ್ಣಿನ ಮನೆ, ಕಿಟಕಿಗಳಿಗೆ ಗೋಣಿ. ಒಳಗೆ ಒಂದರ ಮೇಲೊಂದು ಬಿದಿರಿನ ತಟ್ಟೆಗಳು, ತಟ್ಟೆಯ ತುಂಬ ಬಿಳೀ ಹುಳು. ಚಳಿಗಾಲದಲ್ಲಿ ನಾಲ್ಕು ಮೂಲೆಗೂ ಮಣ್ಣಿನ ಕುಂಡದಲ್ಲಿ ಕೆಂಡ ಇಡುತ್ತಿದ್ದೆವು. ಮನುಷ್ಯರು ಗಡಗಡ ನಡುಗುತ್ತಾ ಮಲಗಿದರೂ ಹುಳುವಿಗೆ ಬೆಚ್ಚಗಿರಬೇಕು. ಮುಂಜಾನೆ ಸೊಪ್ಪು ಹಾಕುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಹುಡುಗಿ ಎಷ್ಟು ಕೆಲಸಗಾತಿ ಅಂತ ಎಲ್ಲರೂ ಹೊಗಳಿದರು. ನಾನು ಹೋಗುತ್ತಿದ್ದದ್ದು ಕೆಂಡಕ್ಕೆ.

ಬೆಳಗ್ಗೆ ಎದ್ದರೆ ನನ್ನ ಸೊಂಟ ನನ್ನದಾಗಿರುತ್ತಿರಲಿಲ್ಲ. ಯಾರೋ ಮರದ ಹಲಗೆ ತಂದು ಜೋಡಿಸಿದ ಹಾಗೆ. ನೆಟ್ಟಗೆ ಏಳಲು ಆಗದು. ಮೊದಲು ಬಲಕ್ಕೆ ಹೊರಳುವುದು, ಮಂಡಿ ಎರಡನ್ನೂ ಹೊಟ್ಟೆಗೆ ಎಳೆದುಕೊಳ್ಳುವುದು, ಅಂಗೈ ನೆಲಕ್ಕೆ ಊರುವುದು, ಆಗ ಹುಟ್ಟಿದ ಕರುವಿನ ಹಾಗೆ ಹಿಂಭಾಗ ಮೊದಲು ಎತ್ತುವುದು, ಆಮೇಲೆ ಗೋಡೆಯನ್ನು ಕೈಯಲ್ಲಿ ಹತ್ತುತ್ತಾ ಹತ್ತುತ್ತಾ ನಿಲ್ಲುವುದು. ಇದನ್ನು ಯಾರೂ ನೋಡಬಾರದು. ಅದಕ್ಕೆ ಎಲ್ಲರಿಗಿಂತ ಮೊದಲು ಏಳುತ್ತಿದ್ದೆ. ಮಂಜಿನಲ್ಲಿ ಅಂಗಳ ದಾಟಿ ಹುಳುಮನೆಯ ಬಾಗಿಲು ಸರಿಸಿದರೆ ಆ ಬೆಚ್ಚನೆ ಗಾಳಿ, ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ, ಇದ್ದಿಲಿನ ವಾಸನೆ ಎಲ್ಲ ಸೇರಿ ಮುಖಕ್ಕೆ ಬರುತ್ತಿತ್ತು. ಸೊಪ್ಪು ಹಾಕಿದ ಮೇಲೆ ಕೆಂಡದ ಕುಂಡಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದೆ. ಲಕ್ಷ ಹುಳು ಒಟ್ಟಿಗೆ ಮೇಯುವ ಸದ್ದು ಕೇಳಿದ್ದೀರಾ? ದೂರದ ಹೊಲದಲ್ಲಿ ಸೋನೆಮಳೆ ಹಿಡಿದ ಹಾಗೆ ಕೇಳುತ್ತದೆ. ನಮ್ಮ ಕಡೆ ನಿಜವಾದ ಸೋನೆ ವರ್ಷಕ್ಕೆ ನಾಲ್ಕು ದಿನ ಬಂದರೆ ಹೆಚ್ಚು. ನಾನು ದಿನಾ ಬೆಳಗ್ಗೆ ಆ ಸೋನೆಯಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದೆ. ಸೊಂಟದ ಹಲಗೆ ಮೆಲ್ಲಗೆ ಕರಗುತ್ತಿತ್ತು. ಒಂದು ಗೆಣ್ಣು, ಇನ್ನೊಂದು ಗೆಣ್ಣು. ಗೋಣಿಯ ತೂತುಗಳಿಂದ ಬಿಸಿಲು ಸಣ್ಣ ಸಣ್ಣ ಕಡ್ಡಿಯಾಗಿ ಒಳಗೆ ಬಂದು ಹುಳುವಿನ ಬೆನ್ನ ಮೇಲೆ ಬೀಳುವ ಹೊತ್ತಿಗೆ ನಾನು ಮತ್ತೆ ಹುಡುಗಿಯಾಗಿರುತ್ತಿದ್ದೆ. ನಾನು ಎಚ್ಚರವಾಗಿದ್ದೆನೋ ನಿದ್ದೆಯಲ್ಲಿದ್ದೆನೋ ಇವತ್ತಿಗೂ ಹೇಳಲಾರೆ.

ಹುಳು ದೊಡ್ಡದಾಗುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಜ್ವರಕ್ಕೆ ಕೂತ ಹುಳು ತಲೆ ಎತ್ತಿಕೊಂಡು ಕಲ್ಲಿನ ಹಾಗೆ ಇರುತ್ತದೆ. ಆಗ ಸೊಪ್ಪು ಹಾಕಬಾರದು, ತಟ್ಟೆ ಅಲುಗಿಸಬಾರದು, ಮುಟ್ಟಬಾರದು. ಸೋನೆ ನಿಂತುಹೋಗಿ ಇಡೀ ಹುಳುಮನೆ ಮೌನವಾಗುತ್ತಿತ್ತು. ನನ್ನಮ್ಮ ಅವತ್ತು ಕೋಳಿಯನ್ನು ಬೈಯುವುದಾದರೂ ಪಿಸುದನಿಯಲ್ಲೇ ಬೈಯುತ್ತಿದ್ದಳು. ಹುಳುವಿಗೆ ಮೈ ಸರಿಯಿಲ್ಲ ಅಂತ ಒಂದು ಮನೆಯೇ ದನಿ ಇಳಿಸುತ್ತಿತ್ತು. ಅದನ್ನು ನೋಡಿ ಧೈರ್ಯ ಬಂದು ಒಂದು ದಿನ ಅಮ್ಮನಿಗೆ ಹೇಳಿದೆ.

“ಅಮ್ಮಾ, ನಂಗೆ ಸೊಂಟ ನೋವು. ದಿನಾ.”

ಅಮ್ಮ ಮೊದಲು ಬಾಗಿಲ ಕಡೆ ನೋಡಿದಳು. “ಮೆಲ್ಲಗೆ ಮಾತಾಡೇ. ಯಾರ ಸೊಂಟಾನೇ?”

“ನಂದೇ.”

“ಎದುರುಕಾಲಿನೋಳಿಗೆ ಸೊಂಟ ನೋವಂತೆ! ಊರೋರು ಕೇಳುದ್ರೆ ನಗಲ್ವೇನೇ? ನಾಳೆ ನಿನ್ನ ಕಾಲ ಹತ್ರ ಯಾರೇ ಬರ್ತಾರೆ? ಯಾರ್ ತಗೊಂಡೋಗ್ತಾರೆ ನಿನ್ನ? ಬಾಯಿ ಮುಚ್ಕೊಂಡಿರು, ವಯಸ್ಸಿಗೆ ಬಂದ್ಮೇಲೆ ಎಲ್ಲಾ ಹೋಗ್ತೈತೆ.”

ಅಮ್ಮ ಕೆಟ್ಟವಳಲ್ಲ. ನನ್ನ ಕಾಲಿನಿಂದ ನಮ್ಮ ಮನೆಗೆ ಮರ್ಯಾದೆ ಬಂದಿತ್ತು, ಅಷ್ಟೇ. ಬೈರಕೂರಿನಲ್ಲಿ ಇನ್ನೊಬ್ಬ ಎದುರುಕಾಲಿನ ಮುದುಕನಿದ್ದ. ಅವನ ಹತ್ತಿರ ಕರೆದುಕೊಂಡು ಹೋಗು ಅಂದೆ. ಅದಕ್ಕಂತೂ ಅಮ್ಮ ಸೌಟು ಎತ್ತಿಕೊಂಡು ಬಂದಳು. ಕೊನೆಗೆ ನನ್ನ ಎಡಗಾಲನ್ನೇ ನನ್ನ ಬೆನ್ನಿಗೆ ತಾಗಿಸಲು ನೋಡಿದೆ. ಹುಳುಮನೆಯಲ್ಲಿ ಒಬ್ಬಳೇ, ಕಾಲು ಹಿಂದಕ್ಕೆ ಮಡಿಸಿ, ಕೈಯಲ್ಲಿ ಎಳೆದು, ತಟ್ಟೆಯ ಗೂಟಕ್ಕೆ ಒರಗಿಕೊಂಡು. ಕಾಲು ಬೆನ್ನಿಗೆ ತಾಗಲಿಲ್ಲ, ಮೂರು ತಟ್ಟೆ ಹುಳು ನನ್ನ ತಲೆ ಮೇಲೆ ಬಿತ್ತು. ಜಡೆಯಲ್ಲಿ ಹುಳು ಆರಿಸಲು ಮಧ್ಯಾಹ್ನವಾಯಿತು.

ವಯಸ್ಸಿಗೆ ಬಂದೆ, ನೋವು ಹೋಗಲಿಲ್ಲ. ಮದುವೆಯಾಗಿ ಯಲ್ದೂರಿನ ಕಡೆ, ಈ ಮಾವಿನ ತೋಪುಗಳ ಊರಿಗೆ ಬಂದೆ. ನೋವೂ ಜೊತೆಗೆ ಬಂತು. ಬರುಬರುತ್ತಾ ಬೆನ್ನು ಬಾಗಿತು, ಕತ್ತು ಮುಂದಕ್ಕೆ ಬಂತು. ಹೊಲದ ಕೆಲಸ, ವಯಸ್ಸು ಅಂತ ಎಲ್ಲರೂ ಅಂದುಕೊಂಡರು. ನಾನೂ ಹೂಂ ಅಂದೆ. ಸುಳ್ಳು ಹೇಳಲಿಲ್ಲ, ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಹೀಗೇ ಮುಗಿದುಹೋಗುತ್ತಿತ್ತು, ಮೊಮ್ಮಗಳು ಚೈತ್ರ ಇಲ್ಲದಿದ್ದರೆ.

ಚೈತ್ರ ನನ್ನ ಮಗಳು ಸುಜಾತಳ ಮಗಳು. ಶ್ರೀನಿವಾಸಪುರದಲ್ಲಿ ಇದ್ದಾರೆ. ಹುಡುಗಿಗೆ ಹದಿನೈದು. ಹೋದ ವರ್ಷ ಒಂದು ಭಾನುವಾರ ಸುಜಾತ ಅವಳನ್ನು ಕರೆದುಕೊಂಡು ಬಂದಳು.

“ಅಮ್ಮಾ, ಇವಳಿಗೆ ಬೆನ್ನು ನೋವಂತೆ. ಹೊತ್ತೂ ಮೂರ್ಹೊತ್ತೂ ಮೊಬೈಲ್ ಹಿಡ್ಕೊಂಡು ಬಗ್ಗಿ ಕೂತ್ರೆ ಇನ್ನೇನು ಬರುತ್ತೆ? ಒಂದ್ಸಲ ತುಳಿ.”

ಹುಡುಗಿ ಹೊಸ್ತಿಲ ಮೇಲೆ ಮಲಗಿತು. ತೆಳ್ಳನೆ ಬೆನ್ನು, ಗೆಣ್ಣುಗಳು ಎಣಿಸುವ ಹಾಗೆ ಕಾಣುತ್ತಿದ್ದವು. ಮೆತ್ತಗೆ ತುಳಿದೆ. ಮುಂದಿನ ವಾರವೂ ಬಂದರು, ಅದರ ಮುಂದಿನ ವಾರವೂ. ಮೂರನೆಯ ವಾರ ಕೇಳಿದೆ, “ಹೆಂಗೈತೆ ಮಗಾ?”

“ಹೋಯ್ತಜ್ಜಿ. ಪೂರ್ತಿ ಹೋಯ್ತು.”

ಸುಜಾತಳ ಮುಖ ಅರಳಿತು. ಸಾಲಿನಲ್ಲಿ ಕೂತಿದ್ದವರಿಗೆಲ್ಲ ಹೇಳಿದಳು. ನಾನೂ ಉಬ್ಬಿದೆ. ಮೊಮ್ಮಗಳ ಬೆನ್ನು ನನ್ನ ಕಾಲಿಗೆ ವಾಸಿಯಾಯಿತು ಅಂತ ಅವತ್ತು ಎರಡು ತುತ್ತು ಹೆಚ್ಚು ಉಂಡೆ.

ಬೇಸಿಗೆ ರಜಕ್ಕೆ ಚೈತ್ರ ನನ್ನ ಹತ್ತಿರ ಬಂದಳು. ಮಾವಿನ ಕಾಯಿ ಬಲಿಯುವ ಕಾಲ. ತೋಪಿನ ಕಡೆಯಿಂದ ಬೆಳಗಿನ ಗಾಳಿ ಬಂದರೆ ಮನೆಯೊಳಗೆಲ್ಲ ಸೊನೆಯ ವಾಸನೆ ತುಂಬುತ್ತದೆ. ಎರಡನೆಯ ದಿನ ಬೆಳಗ್ಗೆ ನಾನು ಎದ್ದು ಒಲೆಯ ಹತ್ತಿರ ಕೂತಿದ್ದೆ. ನಡುಮನೆಯಲ್ಲಿ ಇನ್ನೂ ಅರ್ಧ ಬೆಳಕು. ಹುಡುಗಿ ಎದ್ದಿತು. ನಾನು ನೋಡುತ್ತಿದ್ದೇನೆ ಅಂತ ಅದಕ್ಕೆ ಗೊತ್ತಿಲ್ಲ.

ಬಲಕ್ಕೆ ಹೊರಳಿತು. ಮಂಡಿಗಳನ್ನು ಹೊಟ್ಟೆಗೆ ಎಳೆದುಕೊಂಡಿತು. ಅಂಗೈ ಊರಿತು. ಹಿಂಭಾಗ ಮೊದಲು ಎತ್ತಿತು. ಗೋಡೆಯನ್ನು ಹತ್ತತೊಡಗಿತು.

ನನಗೆ ಒಂದು ಗಳಿಗೆ ನಾನು ಎಲ್ಲಿದ್ದೇನೆ ಅಂತಲೇ ತಿಳಿಯಲಿಲ್ಲ. ಆ ಮಸುಕು ಬೆಳಕಿನಲ್ಲಿ ತಾಯಲೂರಿನ ಮನೆಯ ಗೋಡೆ, ನನ್ನ ಹದಿನಾಲ್ಕು ವರ್ಷದ ಕೈ ಗೋಡೆ ಹತ್ತುತ್ತಿದೆ. ಯಾರೂ ನೋಡಿಲ್ಲ ಅಂದುಕೊಂಡಿದ್ದೆನಲ್ಲ, ಈಗ ನಾನೇ ನೋಡುತ್ತಿದ್ದೇನೆ. ಒಲೆಯ ಮೇಲೆ ಹಾಲು ಉಕ್ಕಿ ಸುಯ್ ಅಂದಾಗಲೇ ನಾನು ಮತ್ತೆ ಮುದುಕಿಯಾದದ್ದು.

“ಎಷ್ಟು ದಿನದಿಂದ ಹಿಂಗೆ ಏಳ್ತಿದ್ದೀಯೇ?” ಅಂದೆ.

ಹುಡುಗಿ ಬೆಚ್ಚಿತು. “ಹೆಂಗೆ? ನಿದ್ದೆಗಣ್ಣಜ್ಜಿ.”

“ನನ್ ಹತ್ರ ಬೇಡ. ಇನ್ನೂ ನೋವಿದ್ಯಾ?”

ಹುಡುಗಿ ಒಲೆಯ ಹತ್ತಿರ ಬಂದು, ಬೆನ್ನನ್ನು ಬೆಂಕಿಯ ಕಡೆ ಮಾಡಿ ಕೂತಿತು.

“ಹೋಗೇ ಇಲ್ಲಜ್ಜಿ. ಒಂದಿನಾನೂ ಹೋಗಿಲ್ಲ. ಮಂಡೀನೂ ಬರುತ್ತೆ ಈಗ. ಹಿಮ್ಮಡಿ ಊರಕ್ಕಾಗಲ್ಲ.”

“ಮತ್ತೆ ಹೋಯ್ತು ಅಂದೆ?”

“ಅಷ್ಟು ಜನ ಕೂತಿದ್ರು. ಹೋಗಿಲ್ಲ ಅಂದಿದ್ರೆ ನಿನ್ನ ಹೆಸರು ಹೋಗ್ತಿತ್ತಲ್ಲ.”

ನಾನು ಉಕ್ಕಿದ ಹಾಲು ಒರೆಸುತ್ತಾ ಕೂತೆ. ಒರೆಸಿದ್ದನ್ನೇ ಒರೆಸಿದೆ.

ಆಮೇಲೆ ಹುಡುಗಿ ತಾನಾಗಿ ಹೇಳತೊಡಗಿತು. ಅಲಾರಂ ಮುಕ್ಕಾಲು ಗಂಟೆ ಮುಂಚೆ ಇಟ್ಟುಕೊಳ್ಳುತ್ತಾಳಂತೆ. ಸ್ಕೂಲಿನಲ್ಲಿ ಬಿಸಿಲು ಬೀಳುವ ಗೋಡೆಯ ಪಕ್ಕದ ಬೆಂಚನ್ನೇ ಹಿಡಿಯುತ್ತಾಳಂತೆ. ದಿನಾ ಬೆಳಗ್ಗೆ ಯೂನಿಫಾರಂ ಇಸ್ತ್ರಿ ಮಾಡಿ, ಬಿಸಿ ಆರುವ ಮೊದಲೇ ಹಾಕಿಕೊಳ್ಳುತ್ತಾಳಂತೆ.

“ಬೆನ್ನ ಕಡೆ ಮಾತ್ರ ಎರಡ್ಸಲ ಉಜ್ತೀನಜ್ಜಿ. ಒಂದೈದು ನಿಮಿಷ ಸ್ವರ್ಗ. ಅಮ್ಮ ಎಲ್ರತ್ರಾನೂ ಹೇಳ್ಕೊಂಡು ತಿರುಗ್ತಾಳೆ, ನನ್ ಮಗಳು ಎಷ್ಟು ನೀಟು ಅಂತ.” ಹಾಗಂದು ನಕ್ಕಳು.

ನಾನೂ ನಕ್ಕೆ. ನಗು ನಿಂತ ಮೇಲೆ ಹೆದರಿಕೆಯಾಯಿತು. ಈ ಹುಡುಗಿ ನನಗಿಂತ ಜಾಣೆ. ಇದು ಇನ್ನೂ ಐವತ್ತು ವರ್ಷ ಮುಚ್ಚಿಟ್ಟೀತು. ಆಮೇಲೆ ಅದರ ಬೆನ್ನು ಎಲ್ಲಿಗೆ ಬಂದು ನಿಲ್ಲುತ್ತದೆ ಅಂತ ತಿಳಿಯಲು ನಾನು ಕನ್ನಡಿ ನೋಡಿಕೊಂಡರೆ ಸಾಕಿತ್ತು.

ಭಾನುವಾರ ಸುಜಾತ ಬಂದಳು. ಅಂದು ಹೊಸ್ತಿಲ ಮೇಲೆ ಖಾದರ್ ಸಾಬಿ ಮಲಗಿದ್ದ, ಹಿಂದೆ ನಾಲ್ಕು ಜನ ಕಾಯುತ್ತಿದ್ದರು.

“ಚೈತ್ರನ್ನ ಕೋಲಾರಕ್ಕೆ ಕರ್ಕೊಂಡೋಗಿ ದೊಡ್ಡ ಡಾಕ್ಟ್ರಿಗೆ ತೋರಿಸ್ಬೇಕು ಕಣೇ. ನೋವು ಹೋಗಿಲ್ಲ,” ಅಂದೆ.

“ಹೋಗಿಲ್ಲ ಅಂದ್ರೆ? ಅವಳೇ ಹೋಯ್ತು ಅಂದ್ಲಲ್ಲ! ಬಂದಿದ್ರೆ ಇನ್ನೊಂದ್ಸಲ ತುಳಿಯಮ್ಮಾ, ಅದಕ್ಯಾಕೆ ಕೋಲಾರ?”

“ನನ್ ಕಾಲಲ್ಲಿ ಏನೂ ಇಲ್ಲ ಕಣೇ ಸುಜಾತಾ.”

ಖಾದರ್ ಸಾಬಿ ಬೋರಲು ಮಲಗಿಕೊಂಡೇ ತಲೆ ಎತ್ತಿದ.

“ಹಂಗನ್ಬೇಡಮ್ಮಾ. ನಂದು ಪ್ರತಿ ಸಲಾನೂ ವಾಸಿ ಆಗ್ತೈತೆ.”

“ನಾಲ್ಕು ದಿನಕ್ಕೆ ತಾನಾಗೇ ಬಿಡ್ತೈತೆ ಕಣೋ ಅದು. ನಾನು ತುಳಿದ್ರೂ ಬಿಡ್ತೈತೆ, ಬೆಕ್ಕು ತುಳಿದ್ರೂ ಬಿಡ್ತೈತೆ. ಈ ಹುಡುಗೀದು ಆ ಥರದ್ದಲ್ಲ.”

“ಇಷ್ಟು ವರ್ಷಕ್ಕೆ ಇವತ್ತು ಹೇಳ್ತೀಯಲ್ಲಮ್ಮಾ!”

“ಇವತ್ತು ಗೊತ್ತಾಯ್ತು,” ಅಂದೆ. ಅದೂ ಪೂರ್ತಿ ನಿಜವಲ್ಲ.

ಖಾದರ್ ಮತ್ತೆ ತಲೆ ಇಳಿಸಿದ. “ಹೋಗ್ಲಿ ಬಿಡು. ಬಂದಿದ್ದೀನಿ, ತುಳಿದ್ಬಿಡು.” ಹಿಂದೆ ಕಾಯುತ್ತಿದ್ದವರಲ್ಲಿ ಒಬ್ಬರೂ ಎದ್ದು ಹೋಗಲಿಲ್ಲ. ನಂಬಿಕೆ ಕಟ್ಟುವುದು ಕಷ್ಟ ಅನ್ನುತ್ತಾರೆ, ಕೆಡವಲು ಹೋಗಿ ನೋಡಿ ಗೊತ್ತಾಗುತ್ತದೆ. ಸುಜಾತ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು. ಮಂಗಳವಾರ ಮೂವರೂ ಕೋಲಾರದ ಬಸ್ಸು ಹತ್ತಿದೆವು.

ಬಸ್ಸಿನಲ್ಲಿ ಹುಡುಗಿ ಕಿಟಕಿಯ ಹತ್ತಿರ ಕೂತು ನನ್ನ ತೋಳಿಗೆ ಒರಗಿ ನಿದ್ದೆ ಹೋಯಿತು. ಹೊರಗೆ ಮಾವಿನ ತೋಪು, ಬಂಡೆಗುಡ್ಡ, ಒಣಗಿದ ಕೆರೆ, ಮತ್ತೆ ಮಾವಿನ ತೋಪು. ಬಿಸಿಲಿನ ಝಳಕ್ಕೆ ದೂರದ ಗುಡ್ಡಗಳು ನೀರಿನಲ್ಲಿ ನಿಂತ ಹಾಗೆ ಅಲುಗುತ್ತಿದ್ದವು. ನನಗೆ ಎಲ್ಲಿಯೂ ಇಳಿಯದೆ ಹೀಗೇ ಹೋಗುತ್ತಿರಬೇಕು ಅನ್ನಿಸಿತು. ಇಳಿದರೆ ಏನು ಕೇಳಬೇಕೋ ಅನ್ನುವ ಭಯ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಚೈತ್ರಳನ್ನು ಬಗ್ಗಿಸಿದಳು, ನೆಟ್ಟಗೆ ನಿಲ್ಲಿಸಿದಳು, ಹಿಮ್ಮಡಿ ಒತ್ತಿದಳು. ಬೆಳಗ್ಗೆ ಜಾಸ್ತಿಯೋ ಸಂಜೆ ಜಾಸ್ತಿಯೋ, ಓಡಾಡಿದರೆ ಕಡಿಮೆಯಾಗುತ್ತದೋ ಅಂತ ಕೇಳಿದಳು. ಮಗು ಹೇಳಿದ್ದನ್ನು ಬರೆದುಕೊಂಡಳು. ಅರವತ್ತು ವರ್ಷದ ಹಿಂದೆ ನನ್ನನ್ನು ಯಾರಾದರೂ ಹೀಗೆ ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ, ಒಂದಕ್ಷರ ಬದಲಿಲ್ಲದೆ. ಆಮೇಲೆ ಸುಜಾತಳ ಕಡೆ ತಿರುಗಿದಳು.

“ಮನೇಲಿ ಬೇರೆ ಯಾರಿಗಾದ್ರೂ ಈ ಥರ ಚಿಕ್ಕ ವಯಸ್ಸಿಂದ ಬೆನ್ನು ನೋವು ಇತ್ತಾ?”

“ಯಾರಿಗೂ ಇಲ್ಲ ಮೇಡಂ,” ಅಂದಳು ಸುಜಾತ. “ನಮ್ಮಮ್ಮ ಎದುರುಕಾಲಿನೋರು. ಅವರೇ ಬೇರೆಯೋರಿಗೆ ವಾಸಿ ಮಾಡ್ತಾರೆ.”

ಡಾಕ್ಟರಮ್ಮ ಕಾಗದದ ಮೇಲೆ ಪೆನ್ನು ಇಟ್ಟಳು. ‘ಇಲ್ಲ’ ಅಂತ ಬರೆಯಬೇಕು. ಆ ಪೆನ್ನಿನ ತುದಿಯನ್ನೇ ನೋಡುತ್ತಿದ್ದೆ.

“ಬರೀಬೇಡಮ್ಮಾ,” ಅಂದೆ. “ನನಗೈತೆ. ಹದಿನಾಲ್ಕು ವರ್ಷದಿಂದ. ಅಂದ್ರೆ, ನಂಗೆ ಹದಿನಾಲ್ಕಾದಾಗಿಂದ.”

ಸುಜಾತ ಬಾಯಿ ತೆರೆದಳು. “ಅಮ್ಮಾ, ನೀನು ಯಾವತ್ತೂ ಹೇಳ್ಲೇ ಇಲ್ವಲ್ಲ!”

“ನೀನು ಕೇಳ್ಲೇ ಇಲ್ವಲ್ಲ,” ಅಂದೆ. ಕೇಳಿದ್ದರೂ ಹೇಳುತ್ತಿರಲಿಲ್ಲ. ಅದು ಬೇರೆ ಮಾತು.

ಡಾಕ್ಟರಮ್ಮ ಎದ್ದು ಬಂದು ನನ್ನನ್ನು ಗೋಡೆಗೆ ನಿಲ್ಲಿಸಿದಳು. ಹಿಮ್ಮಡಿ ಗೋಡೆಗೆ, ಬೆನ್ನು ಗೋಡೆಗೆ. ತಲೆಯನ್ನೂ ಗೋಡೆಗೆ ತಾಗಿಸಿ ಅಂದಳು. ತಾಗಿಸಲು ನೋಡಿದೆ. ಎಷ್ಟು ಹಿಂದಕ್ಕೆ ಒತ್ತಿದರೂ ತಲೆ ಗೋಡೆಗೆ ಹೋಗಲಿಲ್ಲ. ಚೈತ್ರಳನ್ನೂ ಪಕ್ಕದಲ್ಲಿ ನಿಲ್ಲಿಸಿದಳು. ಅವಳ ತಲೆ ತಾಗಿತು, ಹಲ್ಲು ಕಚ್ಚಿಕೊಂಡ ಮೇಲೆ. ಅಜ್ಜಿ, ಮೊಮ್ಮಗಳು ಇಬ್ಬರೂ ಫೋಟೋ ತೆಗೆಸಿಕೊಳ್ಳುವವರ ಹಾಗೆ ನಿಂತಿದ್ದೆವು. ಹುಡುಗಿ ಮೆಲ್ಲಗೆ ಕೈ ಚಾಚಿ ನನ್ನ ತಲೆ ಮತ್ತು ಗೋಡೆಯ ನಡುವೆ ತೂರಿಸಿತು.

“ಅಜ್ಜಿ, ನನ್ನ ಕೈ ಪೂರ್ತಿ ಹಿಡಿಸುತ್ತೆ ಇಲ್ಲಿ.”

ಡಾಕ್ಟರಮ್ಮ ಕಾಯಿಲೆಯ ಹೆಸರು ಹೇಳಿದಳು. ಅದನ್ನು ನಾನು ಬರೆಯಲು ಹೋದರೆ ಅರ್ಧ ಪುಟ ಬೇಕು. ರಕ್ತ, ಮೂಳೆಯ ಫೋಟೋ ಎಲ್ಲ ತೆಗೆಸಬೇಕು, ಮನೆತನದಲ್ಲಿ ಬರುತ್ತದೆ, ನೀವು ಹೇಳಿದ್ದು ಒಳ್ಳೆಯದಾಯಿತು ಅಂದಳು. ಬೆನ್ನಿನ ಮೂಳೆಗಳು ಒಂದಕ್ಕೊಂದು ಮೆಲ್ಲಗೆ ಬೆಸೆದುಕೊಳ್ಳುತ್ತವಂತೆ. ಈಗಲೇ ಮಾತ್ರೆ, ದಿನಾ ವ್ಯಾಯಾಮ ಶುರು ಮಾಡಿದರೆ ತಡೆಯಬಹುದು, ನೋವು ಪೂರ್ತಿ ಹೋಗುತ್ತದೆ ಅಂತ ಮಾತು ಕೊಡಲಾರೆ ಅಂದಳು. ನನಗೆ ಅವಳ ಮೇಲೆ ಗೌರವ ಬಂತು. ಐವತ್ತು ವರ್ಷ ನಾನು ಎಲ್ಲರಿಗೂ ಮಾತು ಕೊಟ್ಟಿದ್ದೆ. ಕೊನೆಗೆ, ಇನ್ನು ಮೇಲೆ ಮಗುವಿನ ಬೆನ್ನನ್ನು ಯಾರೂ ತುಳಿಯಬಾರದು ಅಂತ ನನ್ನ ಕಾಲನ್ನು ನೋಡುತ್ತಾ ಹೇಳಿದಳು.

ಆಮೇಲಿನದು ಸ್ವಲ್ಪವೇ ಇದೆ. ನಾನು ತುಳಿಯುವುದನ್ನು ಬಿಟ್ಟೆ. ಭಾನುವಾರ ಬಂದವರಿಗೆಲ್ಲ ಹೇಳಿ ಕಳಿಸಿದೆ, ಮೂರು ವಾರ ಮೀರಿ ನೋವಿದ್ದರೆ ಕೋಲಾರಕ್ಕೆ ಹೋಗಿ ಅಂತ. ಕೆಲವರು ಬೇಜಾರಾದರು, ಕೆಲವರು ಬೈರಕೂರಿನ ಕಡೆ ಇನ್ಯಾರನ್ನೋ ಹುಡುಕಿಕೊಂಡರು. ಖಾದರ್ ಸಾಬಿ ಮಾತ್ರ ಈಗಲೂ ಬರುತ್ತಾನೆ. “ತುಳಿಯದಿದ್ರೆ ಬಿಡಮ್ಮಾ, ಸ್ವಲ್ಪ ಹೊತ್ತು ಮಲಗಿ ಹೋಗ್ತೀನಿ, ಕಲ್ಲು ತಂಪಾಗೈತೆ” ಅನ್ನುತ್ತಾನೆ. ಅವನನ್ನು ದಾಟಿಕೊಂಡು ಓಡಾಡುತ್ತೇವೆ.

ಮೊದಲು ಕೊಟ್ಟ ಮಾತ್ರೆಗೆ ಚೈತ್ರಳ ಹೊಟ್ಟೆ ಉರಿಯಿತು, ಬದಲಿಸಿದರು. ವ್ಯಾಯಾಮ ಅಂದರೆ ಅವಳಿಗೆ ಆಗದು, ಅಳುತ್ತಾ ಬೈಯುತ್ತಾ ಮಾಡುತ್ತಾಳೆ. ಸುಜಾತ ಪಕ್ಕದಲ್ಲಿ ಚಾಪೆ ಹಾಕಿಕೊಂಡು ತಾನೂ ಮಾಡುತ್ತಾಳೆ, ಅವಳ ಮೈ ಬಗ್ಗುವುದಿಲ್ಲ, ಇಬ್ಬರೂ ಜಗಳವಾಡುತ್ತಾರೆ. ಕೆಲವು ದಿನ ಬೆಳಗ್ಗೆ ಹುಡುಗಿ ಫೋನು ಮಾಡಿ, “ಅಜ್ಜಿ, ಇವತ್ತು ಚೆನ್ನಾಗಿಲ್ಲ” ಅನ್ನುತ್ತದೆ. “ನಂದೂ ಚೆನ್ನಾಗಿಲ್ಲ, ಏಳೇ” ಅನ್ನುತ್ತೇನೆ.

ದೀಪಾವಳಿಗೆ ಬಂದಿದ್ದಳು. ಬೆಳಗ್ಗೆ ಎಣ್ಣೆ ಹಚ್ಚಿಕೊಂಡು, ನೀರು ಕಾಯುವವರೆಗೆ ಬಿಸಿಲಿನ ಗೋಡೆಗೆ ಒರಗಿ ನಿಂತಿದ್ದಳು. ಹಂಡೆಯ ಹೊಗೆ ಅಂಗಳದಲ್ಲೆಲ್ಲ ಹರಡಿ, ಬಿಸಿಲು ಹಾಲಿನ ಹಾಗಾಗಿತ್ತು. ಹಿಮ್ಮಡಿ ಗೋಡೆಗೆ, ಬೆನ್ನು ಗೋಡೆಗೆ, ಕಣ್ಣು ಮುಚ್ಚಿದ್ದಳು. ನಾನು ಹತ್ತಿರ ಹೋಗಿ ಅವಳ ತಲೆಯ ಹಿಂದೆ ಕೈ ತೂರಿಸಲು ನೋಡಿದೆ.

“ಏನಜ್ಜಿ?” ಅಂದಳು, ಕಣ್ಣು ತೆರೆಯದೆ.

“ಏನಿಲ್ಲ. ಸುಮ್ನಿರು,” ಅಂದೆ.

ಇನ್ನೊಂದು ಸಲ ನೋಡಿದೆ. ಬೆರಳ ತುದಿಗೂ ಜಾಗವಿರಲಿಲ್ಲ.